ತಾರಸಿಗೂ ಬೇಕು ಚಿಕಿತ್ಸೆ

ಬೇಸಿಗೆಯಲ್ಲಿ ಒಂದು ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮದು ಒಂದೇ ಅಂತಸ್ತಿನ ಆರ್.ಸಿ.ಸಿ. ಮನೆಯಾಗಿದ್ದರೆ, ಅಥವಾ ನೀವು ಕಟ್ಟಡದ ಕೊನೆಯ ಮಹಡಿಯಲ್ಲಿ ವಾಸವಾಗಿದ್ದರೆ, ಫ್ಯಾನಿನ ಸ್ವಿಚ್ಚು ಆರಿಸಿ, ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು ಸೀಲಿಂಗಿಗೆ ಅಂಗೈ ಒತ್ತಿ ಹಿಡಿಯಿರಿ. (ಈ ಕೆಲಸವನ್ನು ಮನೆಯ ಕಿರಿಯರು ಮಾಡಲಿ, ಹಿರಿಯರು ಸ್ಟೂಲು ಹತ್ತುವುದು ಬೇಡ.) ಸೂರ್ಯ ಮುಳುಗಿ ಎರಡು ಗಂಟೆ ಕಳೆದಿದ್ದರೂ ಸೀಲಿಂಗು ಬಿಸಿಯಾಗಿಯೇ ಇರುತ್ತದೆ. ಕೆಳಗಿಳಿದು ಒಳಗೋಡೆಯ ಬುಡಕ್ಕೆ ಅದೇ ಅಂಗೈ ಇಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಆ ಬಿಸಿ ಚಪ್ಪಡಿಯ ಕೆಳಗೇ ನಿಮ್ಮ ಮನೆಯ ಅಜ್ಜಿ, ತಾತ, ಹಸುಗೂಸು ರಾತ್ರಿಯಿಡೀ ಮಲಗುತ್ತಾರೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಏಳುವಾಗ ತಲೆ ಸುತ್ತು, ಮೀನಖಂಡದಲ್ಲಿ ಸೆಳೆತ, ಉರಿಮೂತ್ರ, ಇಡೀ ದಿನ ಸುಸ್ತು. ಹೆಚ್ಚಿನವರು ಕೇಳುವುದು ನಿದ್ದೆ ಮಾತ್ರೆಯನ್ನೋ ಶಕ್ತಿಯ ಟಾನಿಕ್ಕನ್ನೋ. ಆದರೆ ಮಾತ್ರೆ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ‘ನೀವು ಮಲಗುವುದು ಎಲ್ಲಿ? ನಿಮ್ಮ ತಲೆಯ ಮೇಲೆ ಇರುವುದು ತಾರಸಿಯೋ, ತಗಡೋ, ಹಂಚೋ?’ ಹಲವರ ಕಾಯಿಲೆಯ ಮೂಲ ಅವರ ಮನೆಯ ಮಾಡಿನಲ್ಲಿರುತ್ತದೆ. ಅದಕ್ಕೆ ಚಿಕಿತ್ಸೆ ಕೊಡದೆ ರೋಗಿಗೆ ಮಾತ್ರ ಕೊಟ್ಟರೆ ಫಲವಿಲ್ಲ.

ದೇಹದ ಲೆಕ್ಕಾಚಾರ

ನಮ್ಮ ದೇಹದ ಒಳಗಿನ ತಾಪಮಾನ ಸುಮಾರು 37 ಡಿಗ್ರಿ ಸೆಲ್ಸಿಯಸ್. ಸುಮ್ಮನೆ ಮಲಗಿರುವಾಗಲೂ ವಯಸ್ಕರ ದೇಹ 70-80 ವಾಟಿನ ಬಲ್ಬಿನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಈ ಶಾಖ ಹೊರಹೋಗಲೇಬೇಕು. ಸುತ್ತಲಿನ ಗಾಳಿ, ಗೋಡೆ, ಸೀಲಿಂಗು ನಮ್ಮ ಚರ್ಮಕ್ಕಿಂತ ತಂಪಾಗಿದ್ದರೆ ಅದು ತಾನಾಗಿಯೇ ಹೊರಹೋಗುತ್ತದೆ. ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ. ಸೀಲಿಂಗು ಅದಕ್ಕಿಂತ ಬಿಸಿಯಾದರೆ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಸೀಲಿಂಗೇ ನಮಗೆ ಶಾಖ ಕೊಡಲು ಆರಂಭಿಸುತ್ತದೆ. ದೇಹಕ್ಕೆ ಉಳಿಯುವ ದಾರಿ ಒಂದೇ, ಬೆವರು.

ಬೆವರು ಹರಿಸಲು ಚರ್ಮಕ್ಕೆ ಹೆಚ್ಚು ರಕ್ತ ಬೇಕು, ಅದಕ್ಕಾಗಿ ಹೃದಯ ಹೆಚ್ಚು ದುಡಿಯಬೇಕು. ಯೌವನದಲ್ಲಿ ಇದು ದೊಡ್ಡ ಹೊರೆಯಲ್ಲ. ಆದರೆ ವಯಸ್ಸಾದಂತೆ ಬೆವರುವ ಶಕ್ತಿ ಕುಗ್ಗುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಮನೋರೋಗದ ಕೆಲವು ಔಷಧಿಗಳನ್ನು ಸೇವಿಸುವವರು, ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಹಸುಗೂಸುಗಳು, ಹಾಸಿಗೆ ಹಿಡಿದವರು, ಇವರೆಲ್ಲ ಶಾಖಕ್ಕೆ ಬೇಗ ಸೋಲುತ್ತಾರೆ. ಹಗಲು ಸೆಕೆಯಾದರೂ ರಾತ್ರಿ ತಂಪಾದರೆ ಹೃದಯಕ್ಕೆ ವಿಶ್ರಾಂತಿ ಸಿಗುತ್ತದೆ. ರಾತ್ರಿಯೂ ಕೋಣೆ ಕಾದೇ ಇದ್ದರೆ ಆ ವಿಶ್ರಾಂತಿ ತಪ್ಪುತ್ತದೆ. ಒಂದು ರಾತ್ರಿಯ ಕೊರತೆ ಮರುದಿನಕ್ಕೆ ಸೇರುತ್ತ ಹೋಗುತ್ತದೆ.

ತಾರಸಿ ಎಂಬ ಕಾವಲಿ

ನಮ್ಮ ರಾಜ್ಯದಲ್ಲಿ ಬೇಸಿಗೆಯ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಏಪ್ರಿಲ್ ಕೊನೆಯ ವಾರ ಬೆಂಗಳೂರಿನಲ್ಲಿ, ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಅಂದರೆ ಗೋಡೆಗಿಂತ ಮಾಡಿನ ಮೇಲೆ ಬೀಳುವ ಬಿಸಿಲೇ ಹೆಚ್ಚು. ಕಪ್ಪಾದ ಸಿಮೆಂಟಿನ ತಾರಸಿ ಆ ಬಿಸಿಲಿನಲ್ಲಿ ಹೆಚ್ಚು ಪಾಲನ್ನು ಹೀರಿಕೊಳ್ಳುತ್ತದೆ.

ನಾಲ್ಕೈದು ಇಂಚಿನ ಕಾಂಕ್ರೀಟು ಶಾಖವನ್ನು ತಡೆಯುವುದಿಲ್ಲ, ತಡಮಾಡುತ್ತದೆ ಅಷ್ಟೇ. ಮೇಲೆ ಬಿದ್ದ ಶಾಖ ಒಳಗೆ ತಲುಪಲು ಮೂರು ನಾಲ್ಕು ಗಂಟೆ ಬೇಕು. ಆದ್ದರಿಂದಲೇ ಹೊರಗೆ ಗಾಳಿ ತಣ್ಣಗಾಗುವ ಸಂಜೆಯ ಹೊತ್ತಿಗೆ ಒಳಗೆ ಸೆಕೆ ಏರುತ್ತದೆ. ಫ್ಯಾನು ಹಾಕಿದರೆ ಸೀಲಿಂಗಿನ ಹತ್ತಿರದ ಬಿಸಿ ಗಾಳಿಯನ್ನೇ ಅದು ಕೆಳಗೆ ತಳ್ಳುತ್ತದೆ. ಕೋಣೆಯ ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ದೇಹವನ್ನು ತಂಪು ಮಾಡುವ ಬದಲು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಎರಡು ನಗರಗಳ ಪಾಠ

ಇದು ಬರೀ ಸೆಕೆಯ, ಕಿರಿಕಿರಿಯ ಮಾತಲ್ಲ. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿ ಬೀಸಿದಾಗ ಸುಮಾರು 15,000 ಮಂದಿ ಹೆಚ್ಚುವರಿಯಾಗಿ ಸತ್ತರು. ಅವರಲ್ಲಿ ಬಹುಪಾಲು ವೃದ್ಧರು. ಮನೆಗಳಲ್ಲೇ ವಾಸವಿದ್ದು ಸತ್ತ ವೃದ್ಧರ ಬಗ್ಗೆ ಅಲ್ಲಿನ ತಜ್ಞರು ಅಧ್ಯಯನ ನಡೆಸಿದರು. ಅಪಾಯ ಹೆಚ್ಚಿಸಿದ ಕಾರಣಗಳಲ್ಲಿ ಎರಡು ಮನೆಗೇ ಸಂಬಂಧಿಸಿದ್ದವು. ಒಂದು, ಮಾಡಿನ ಕೆಳಗಿನ ಕೊನೆಯ ಮಹಡಿಯಲ್ಲಿ ಮಲಗುವುದು. ಇನ್ನೊಂದು, ಮನೆಗೆ ಶಾಖ ತಡೆಯುವ ಹೊದಿಕೆ ಇಲ್ಲದಿರುವುದು.

ನಮ್ಮ ದೇಶದಲ್ಲಿ 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಹೆಚ್ಚು ಸಾವುಗಳಾದವು ಎಂದು ನಂತರದ ಅಧ್ಯಯನ ಅಂದಾಜು ಮಾಡಿತು. ಆ ನಗರ 2013ರಲ್ಲಿ ಬೇಸಿಗೆಯ ಕಾರ್ಯಯೋಜನೆ ರೂಪಿಸಿತು. ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಡಿನ ಬಗ್ಗೆ ನೀತಿಯನ್ನೇ ಪ್ರಕಟಿಸಿತು. ಸರ್ಕಾರ ಮಾಡುವುದು ಸರ್ಕಾರಕ್ಕಿರಲಿ, ನಮ್ಮ ತಾರಸಿಗೆ ನಾವೇ ಏನು ಮಾಡಬಹುದು?

ಮೊದಲ ಚಿಕಿತ್ಸೆ: ಸುಣ್ಣ

ಎಲ್ಲಕ್ಕಿಂತ ಅಗ್ಗದ ಮದ್ದು ಸುಣ್ಣ. ಯುಗಾದಿಗೆ ಗೋಡೆಗಳಿಗೆ ಸುಣ್ಣ ಬಳಿಯುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಆ ಪಟ್ಟಿಗೆ ತಾರಸಿಯನ್ನೂ ಸೇರಿಸಿಕೊಳ್ಳಿ. ತಾರಸಿಯನ್ನು ಚೆನ್ನಾಗಿ ಗುಡಿಸಿ, ತೊಳೆದು, ಬಿರುಕುಗಳನ್ನು ಮುಚ್ಚಿಸಿ. ಸುಣ್ಣವನ್ನು ಹಾಲಿನ ಹದಕ್ಕೆ ಕಲಸಿ, ಅಂಟಿಕೊಳ್ಳಲು ಸ್ವಲ್ಪ ಗೋಂದು ಸೇರಿಸಿ, ಎರಡು ಮೂರು ಸಲ ಬಳಿಯಿರಿ. ಇನ್ನಷ್ಟು ಬಾಳಿಕೆ ಬೇಕೆಂದರೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಬಣ್ಣಗಳು ಅಂಗಡಿಯಲ್ಲಿ ಸಿಗುತ್ತವೆ, ಬೆಲೆ ಮಾತ್ರ ಹೆಚ್ಚು. ಹೊಸದಾಗಿ ಬಳಿದ ಬಿಳಿ ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಕೊನೆಯ ಮಹಡಿಯ ಕೋಣೆಯಲ್ಲಿ ಸಾಮಾನ್ಯವಾಗಿ 2ರಿಂದ 5 ಡಿಗ್ರಿವರೆಗೆ ಉಷ್ಣತೆ ಇಳಿಯಬಹುದು. ಐದು ಡಿಗ್ರಿ ಎಂದರೆ ಸಣ್ಣ ಮಾತಲ್ಲ.

ಧೂಳು, ಪಾಚಿ ಹಿಡಿದರೆ ಬಿಳುಪು ಮಾಸಿ ಗುಣ ಕುಗ್ಗುತ್ತದೆ. ಆದ್ದರಿಂದ ಪ್ರತಿ ಬೇಸಿಗೆಗೂ ಒಮ್ಮೆ ಬಳಿಯಬೇಕು. ಮಳೆ ನೀರು ಸಂಗ್ರಹಿಸುವವರು ಮೊದಲ ಒಂದೆರಡು ಮಳೆಯ ನೀರನ್ನು ತೊಟ್ಟಿಗೆ ಬಿಡಬೇಡಿ.

ವೈದ್ಯನಾಗಿ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸ ಬೇಡ. ಹರಳು ಸುಣ್ಣವನ್ನು ಅರಳಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಮಕ್ಕಳನ್ನು ದೂರವಿಡಿ. ಅಕಸ್ಮಾತ್ ಕಣ್ಣಿಗೆ ಸಿಡಿದರೆ ಉಜ್ಜದೆ, ತಕ್ಷಣ ನಲ್ಲಿಯ ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆದು, ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಎಣ್ಣೆ, ಹಾಲು, ತುಪ್ಪ ಹಾಕಬೇಡಿ.

ಎರಡನೆಯದು: ನೆರಳು

ಮದುವೆ ಮನೆಯ ಮುಂದೆ ಚಪ್ಪರ ಹಾಕುತ್ತೇವಲ್ಲವೆ? ಅದೇ ಉಪಾಯ ತಾರಸಿಗೂ ಸಲ್ಲುತ್ತದೆ. ತೆಂಗಿನ ಗರಿಯ ಚಪ್ಪರ ಅಥವಾ ನರ್ಸರಿಗಳಲ್ಲಿ ಬಳಸುವ ಹಸಿರು ನೆರಳುಪರದೆಯನ್ನು ತಾರಸಿಯಿಂದ ಕೆಲವು ಅಡಿ ಎತ್ತರದಲ್ಲಿ ಕಟ್ಟಿದರೆ ಬಿಸಿಲು ಸ್ಲ್ಯಾಬನ್ನು ಮುಟ್ಟುವುದೇ ಇಲ್ಲ. ನಡುವೆ ಗಾಳಿಯೂ ಆಡುತ್ತದೆ. ಒಣಗಿದ ಗರಿಗೆ ಕಿಡಿ ತಾಗದಂತೆ ನೋಡಿಕೊಳ್ಳಿ, ಗಾಳಿಗೆ ಹಾರದಂತೆ ಬಿಗಿದು ಕಟ್ಟಿ. ಕುಂಡಗಳನ್ನು ಇಡುವುದೂ ಒಳ್ಳೆಯದೇ. ಆದರೆ ತಾರಸಿಯ ತುಂಬ ಮಣ್ಣು ತುಂಬಿಸಿ ತೋಟ ಮಾಡುವ ಮೊದಲು ಅದು ಅಷ್ಟು ಭಾರ ತಡೆಯುತ್ತದೆಯೇ ಎಂದು ಎಂಜಿನಿಯರರನ್ನು ಕೇಳಿ. ಕುಂಡದ ತಟ್ಟೆಗಳಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆಗೆ ಆಹ್ವಾನ ಕೊಟ್ಟಂತೆ.

ಮೂರನೆಯದು: ಹೊದಿಕೆ

ಬಳ್ಳಾರಿ, ರಾಯಚೂರು, ವಿಜಯಪುರದ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ. ತೊಲೆ, ಜಂತಿಗಳ ಮೇಲೆ ದಪ್ಪನಾಗಿ ಹೇರಿದ ಮಣ್ಣು, ಎರಡಡಿ ಅಗಲದ ಗೋಡೆ. ಮಧ್ಯಾಹ್ನ ಒಳಗೆ ಕಾಲಿಟ್ಟರೆ ತಂಪು. ಕರಾವಳಿ, ಮಲೆನಾಡಿನ ಹಂಚಿನ ಮನೆಗಳಲ್ಲಿ ಆ ಕೆಲಸವನ್ನು ಅಟ್ಟ ಮಾಡುತ್ತದೆ. ಕಾದ ಹಂಚಿಗೂ ಕೆಳಗೆ ಮಲಗಿದವರಿಗೂ ನಡುವೆ ಅಟ್ಟದ ಗಾಳಿಯೇ ಹೊದಿಕೆ. ಮಣ್ಣಿನ ಮಾಳಿಗೆಗೆ ಮಳೆಗಾಲದಲ್ಲಿ ಕುಸಿಯುವ ಭಯವಿತ್ತು, ಆದ್ದರಿಂದ ಜನ ಆರ್.ಸಿ.ಸಿ.ಗೆ ಬದಲಾದದ್ದು ತಪ್ಪೇನಲ್ಲ. ಆದರೆ ಮಣ್ಣು ಹೋದಾಗ ಹೊದಿಕೆಯೂ ಹೋಯಿತು. ಅದನ್ನು ಬೇರೆ ರೂಪದಲ್ಲಿ ಮರಳಿ ತರಬೇಕು.

ಥರ್ಮೊಕೋಲ್ ಶಾಖವನ್ನು ಸಾಗಿಸುವ ಶಕ್ತಿ ಕಾಂಕ್ರೀಟಿನ ನಲವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಂದರೆ ಒಂದು ಇಂಚಿನ ಥರ್ಮೊಕೋಲ್ ಹಲಗೆ ನಲವತ್ತು ಇಂಚಿನ ಕಾಂಕ್ರೀಟಿನಷ್ಟು ಶಾಖವನ್ನು ತಡೆಯಬಲ್ಲದು! ಹೊಸ ಮನೆ ಕಟ್ಟುವವರು, ಸೋರುವ ತಾರಸಿಯನ್ನು ದುರಸ್ತಿ ಮಾಡಿಸುವವರು ಈ ಅವಕಾಶ ಬಿಡಬಾರದು. ಸ್ಲ್ಯಾಬಿನ ಮೇಲೆ ನೀರು ಸೋರದ ಪದರ, ಅದರ ಮೇಲೆ ಕಟ್ಟಡಗಳಿಗೆಂದೇ ಸಿಗುವ ಗಟ್ಟಿ ಹಲಗೆ, ಅದರ ಮೇಲೆ ತೆಳು ಕಾಂಕ್ರೀಟು, ಕೊನೆಗೆ ಬಿಳಿಯ ಒಡಕು ಟೈಲ್ಸು. ಹೊದಿಕೆ ಸ್ಲ್ಯಾಬಿನ ಮೇಲಿದ್ದರೆ ಸ್ಲ್ಯಾಬೇ ಕಾಯುವುದಿಲ್ಲ.

ಥರ್ಮೊಕೋಲ್ ಹಾಳೆಗಳನ್ನು ಮನೆಯೊಳಗೆ, ಅದರಲ್ಲೂ ಅಡುಗೆಮನೆಯಲ್ಲಿ, ಬರಿದಾಗಿ ಅಂಟಿಸಬೇಡಿ. ಬೆಂಕಿ ತಗುಲಿದರೆ ಬೇಗ ಹತ್ತಿಕೊಂಡು ವಿಷಕಾರಿ ಹೊಗೆ ಬಿಡುತ್ತದೆ.

ತಗಡಿನ, ಶೀಟಿನ ಮನೆಗಳ ಪಾಡು ಇನ್ನೂ ಕಷ್ಟ. ತೆಳು ತಗಡು ಶಾಖವನ್ನು ತಡಮಾಡುವುದೂ ಇಲ್ಲ, ಹತ್ತು ಗಂಟೆಗೇ ಒಳಗೆ ಕುಲುಮೆ. ಮೇಲೆ ಬಿಳಿ ಬಣ್ಣ ಅಥವಾ ಗರಿಯ ಹೊದಿಕೆ, ಕೆಳಗೆ ಒಂದಡಿ ಬಿಟ್ಟು ಬಿದಿರಿನ ಚಾಪೆಯ ಒಳಮಾಡು, ಇಷ್ಟು ಮಾಡಿದರೆ ಬಹಳ ವ್ಯತ್ಯಾಸವಾಗುತ್ತದೆ. ಹಳೆಯ ಆಸ್‌ಬೆಸ್ಟಾಸ್ ಶೀಟುಗಳನ್ನು ಮಾತ್ರ ಕೊರೆಯಬೇಡಿ, ಕತ್ತರಿಸಬೇಡಿ, ಒಣ ಬ್ರಷ್ಷಿನಿಂದ ಉಜ್ಜಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರವೂ ಕಾಯಿಲೆ ತರುತ್ತದೆ. ಅಂಥ ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಬೀಳುವ ಅಪಾಯವೂ ಇದೆ.

ಕಿಟಕಿ, ಬಾಗಿಲು

ಕಿಟಕಿಯ ಬಿಸಿಲನ್ನು ಒಳಗಿನ ಪರದೆಗಿಂತ ಹೊರಗಿನ ನೆರಳು ಚೆನ್ನಾಗಿ ತಡೆಯುತ್ತದೆ. ಗಾಜನ್ನು ದಾಟಿದ ಬಿಸಿಲು ಮನೆಯೊಳಗೆ ಬಂದ ಹಾಗೆಯೇ. ಆದ್ದರಿಂದ ಪಶ್ಚಿಮದ ಕಿಟಕಿಗೆ ಹೊರಗಡೆ ಬಿದಿರಿನ ತಟ್ಟಿ ಇಳಿಬಿಡಿ. ಕಲಬುರಗಿ, ರಾಯಚೂರಿನಂಥ ಒಣ ಹವೆಯ ಊರುಗಳಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಅಥವಾ ಕೂಲರ್ ಬಳಸಿದರೆ ಹಿತವಾಗುತ್ತದೆ. ಮಂಗಳೂರು, ಕಾರವಾರದಂಥ ಕಡೆ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಇದು ಪ್ರಯೋಜನಕ್ಕೆ ಬಾರದು. ಅಲ್ಲಿ ಗಾಳಿಯಾಡುವುದೇ ಮುಖ್ಯ.

ಒಳನಾಡಿನ ಮನೆಗಳಲ್ಲಿ ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಕಿಟಕಿ ಮುಚ್ಚಿ, ಹೊರಗಿನ ಗಾಳಿ ತಣಿದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆಯಿರಿ. ಸೊಳ್ಳೆಯ ಭಯದಿಂದ ರಾತ್ರಿ ಕಿಟಕಿ ಮುಚ್ಚಿ ಬೇಯುವುದಕ್ಕಿಂತ ಜಾಲರಿ ಹಾಕಿಸುವುದು ಮೇಲು.

ಎ.ಸಿ. ಕೊಳ್ಳುವ ಮುನ್ನ

‘ಇಷ್ಟೆಲ್ಲ ತೊಂದರೆ ಯಾಕೆ ಡಾಕ್ಟರೇ, ಒಂದು ಎ.ಸಿ. ಹಾಕಿಸಿದರೆ ಆಯಿತಲ್ಲ?’ ಎಂದು ಕೇಳುವವರಿದ್ದಾರೆ. ಹಾಕಿಸಿ, ಬೇಡವೆನ್ನುವುದಿಲ್ಲ. ತೀವ್ರ ಸೆಕೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿಗೆ ಅದು ಜೀವ ಉಳಿಸಬಹುದು. ಆದರೆ ಕಾದ ಸ್ಲ್ಯಾಬಿನ ಕೆಳಗೆ ಎ.ಸಿ. ಓಡಿಸುವುದು ತೂತು ಬಿಂದಿಗೆಗೆ ನೀರು ತುಂಬಿಸಿದಂತೆ. ಒಂದೂವರೆ ಟನ್ನಿನ ಎ.ಸಿ. ಗಂಟೆಗೆ ಸುಮಾರು ಒಂದರಿಂದ ಒಂದೂವರೆ ಯೂನಿಟ್ ವಿದ್ಯುತ್ ನುಂಗುತ್ತದೆ. ರಾತ್ರಿ ಎಂಟು ಗಂಟೆ ಓಡಿಸಿದರೆ ತಿಂಗಳಿಗೆ 240 ಯೂನಿಟ್ಟಿಗೂ ಹೆಚ್ಚು. ವಿದ್ಯುತ್ ಕೈಕೊಟ್ಟ ರಾತ್ರಿ ಅದು ಗೋಡೆಗೆ ತೂಗುಹಾಕಿದ ಪೆಟ್ಟಿಗೆ ಮಾತ್ರ. ಸುಣ್ಣ, ನೆರಳು, ಹೊದಿಕೆ ಕರೆಂಟಿಲ್ಲದಾಗಲೂ ಕೆಲಸ ಮಾಡುತ್ತವೆ.

ಆದ್ದರಿಂದ ಮೊದಲು ತಾರಸಿ, ನಂತರ ಯಂತ್ರ. ಎ.ಸಿ. ಇರುವ ಕೋಣೆಯಲ್ಲಿ ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಕಿಟಕಿಯ ಬಿರುಕುಗಳನ್ನು ಮುಚ್ಚಿಸಿ. ಸ್ಟಾರ್ ಗುರುತಿನ ಎ.ಸಿ.ಗಳು ಆರಂಭದಲ್ಲಿ 24 ಡಿಗ್ರಿಗೇ ನಿಗದಿಯಾಗಿರಬೇಕು ಎಂಬ ನಿಯಮ 2020ರಿಂದ ಬಂದಿದೆ. 24-26ರಲ್ಲಿಟ್ಟು ಜೊತೆಗೆ ಫ್ಯಾನು ಹಾಕಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ.

ಚಳಿಗಾಲದ ಮಾತೂ ಇದೆ

ಹೊದಿಕೆ ಬೇಸಿಗೆಗಷ್ಟೇ ಅಲ್ಲ, ಚಳಿಗೂ ಉಪಯುಕ್ತ. ನ್ಯೂಜಿಲೆಂಡಿನಲ್ಲಿ ಹೊದಿಕೆ ಇಲ್ಲದ 1,350 ಮನೆಗಳನ್ನು ಆಯ್ದು, ಅರ್ಧದಷ್ಟು ಮನೆಗಳಿಗೆ ಮೊದಲು ಹೊದಿಕೆ ಹಾಕಿಸಿ ಹೋಲಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹೊದಿಕೆ ಹಾಕಿದ ಮನೆಗಳಲ್ಲಿ ತೇವ ಕಡಿಮೆಯಾಯಿತು, ಉಬ್ಬಸದಂಥ ತೊಂದರೆಗಳು ತಗ್ಗಿದವು, ಮಕ್ಕಳು ಶಾಲೆ ತಪ್ಪಿಸುವುದು ಕಡಿಮೆಯಾಯಿತು. ಇಂಧನದ ಖರ್ಚೂ ಸುಮಾರು ಐದನೇ ಒಂದು ಪಾಲು ಇಳಿಯಿತು. ಮಡಿಕೇರಿ, ಸಕಲೇಶಪುರದ ಕಡೆ ತೇವ ಹಿಡಿದ ಗೋಡೆ, ಬೂಷ್ಟು, ಮಕ್ಕಳ ಉಬ್ಬಸ, ಈ ಮೂರನ್ನೂ ಒಟ್ಟಿಗೆ ಕಂಡವರಿಗೆ ಇದು ಅರ್ಥವಾಗುತ್ತದೆ.

ಆದರೆ ಸಂದಿ ಮುಚ್ಚುವುದಕ್ಕೂ ಮಿತಿಯಿದೆ. ಚಳಿಯೆಂದು ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲುಮನೆಯಲ್ಲಿ ಇಡಬೇಡಿ. ಅವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಉರಿ ಇರುವಲ್ಲಿ ಗಾಳಿಕಂಡಿಯನ್ನು ಎಂದೂ ಮುಚ್ಚಬಾರದು.

ಖರ್ಚಿಲ್ಲದ ಚಿಕಿತ್ಸೆ

ಬಾಡಿಗೆ ಮನೆಯಲ್ಲಿರುವವರು, ಸದ್ಯಕ್ಕೆ ಹಣ ಹೊಂದಿಸಲಾಗದವರು ಇವತ್ತೇ ಮಾಡಬಹುದಾದ ಕೆಲಸಗಳಿವೆ.

* ಎರಡಂತಸ್ತಿನ ಮನೆಯಾದರೆ ಹಿರಿಯರ ಹಾಸಿಗೆಯನ್ನು ಕೆಳಗಿನ ಮನೆಗೆ ತನ್ನಿ. ‘ಮೇಲೆ ಗಾಳಿ ಚೆನ್ನಾಗಿದೆ’ ಎಂಬ ಮಾತು ಬೇಸಿಗೆಯ ರಾತ್ರಿಗೆ ಸಲ್ಲದು. ಮನೆಯಲ್ಲಿ ಅತಿ ತಂಪಾದ ಕೋಣೆ ಮನೆಯ ಅತಿ ದುರ್ಬಲ ವ್ಯಕ್ತಿಗೆ ಸಿಗಬೇಕು.

* ಬಾಯಾರಿಕೆಗಾಗಿ ಕಾಯದೆ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ ಕೊಡುತ್ತಿರಿ. ಹೃದಯ, ಮೂತ್ರಪಿಂಡದ ರೋಗಿಗಳು ನೀರು, ಉಪ್ಪಿನ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಲಿ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

* ಇನ್ಸುಲಿನ್ ಬಿಸಿಗೆ ಕೆಡುತ್ತದೆ. ಬಳಕೆಯಲ್ಲಿರುವ ಸೀಸೆಯೂ 30 ಡಿಗ್ರಿಯೊಳಗೆ ಇರಬೇಕು. ಫ್ರಿಜ್ಜಿಲ್ಲದವರು ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಿನಲ್ಲಿಟ್ಟು ಬಳಸಬಹುದು. ಸೀಸೆ ನೆನೆಯದಂತೆ ಮುಚ್ಚಳದ ಡಬ್ಬಿಯಲ್ಲಿಡಿ.

* ಮಲಗುವ ಮುನ್ನ ಒದ್ದೆ ಬಟ್ಟೆಯಿಂದ ಮೈ ಒರೆಸಿ, ತೆಳುವಾದ ಹತ್ತಿ ಬಟ್ಟೆ ಉಡಿಸಿ.

ಯಾವಾಗ ಓಡಬೇಕು?

ಸುಸ್ತು, ವಾಕರಿಕೆ, ತಲೆನೋವು, ಸೆಳೆತ ಕಂಡರೆ ತಂಪು ಜಾಗದಲ್ಲಿ ಮಲಗಿಸಿ, ಓ.ಆರ್.ಎಸ್. ಕುಡಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಆದರೆ ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿ, ಗೊಂದಲಕ್ಕೊಳಗಾದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. ಬೆವರು ಬರುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ, ಬೆವರುತ್ತಿರುವಾಗಲೂ ಉಷ್ಣಾಘಾತವಾಗಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ಸುಮ್ಮನಿರದೆ ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಕಂಕುಳು, ತೊಡೆಸಂದು, ಕುತ್ತಿಗೆಗೆ ಐಸ್ ಸುತ್ತಿದ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಂದ ಯುಗಾದಿಯವರೆಗಿನ ದಿನಗಳೇ ತಾರಸಿಯ ಚಿಕಿತ್ಸೆಗೆ ಸರಿಯಾದ ಕಾಲ. ಮೇ ತಿಂಗಳಲ್ಲಿ ಸುಣ್ಣಕ್ಕಾಗಿ ಓಡಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಒಂದು ಭಾನುವಾರದ ಬೆಳಗ್ಗೆ, ಬಿಸಿಲೇರುವ ಮುನ್ನ, ಮನೆಮಂದಿ ಸೇರಿ ಕೈಹಾಕಿದರೆ ಸಾಧಾರಣ ಮನೆಯ ತಾರಸಿ ಮಧ್ಯಾಹ್ನದ ಊಟದ ಹೊತ್ತಿಗೆ ಬೆಳ್ಳಗಾಗುತ್ತದೆ.